ಕಂದಾಯ ಕೊಡಬೇಕಾದವರು ಯಾರು: ಮಕ್ಕಳೋ, ಪರರೋ?

2025ರ ಮೇ 8ರಂದು ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಸಂತ ಪೇತ್ರರ ಪೀಠವನ್ನೇರಿದರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿದವರೊಬ್ಬರು ಆ ಪೀಠಕ್ಕೆ ಆಯ್ಕೆಯಾದದ್ದು ಧರ್ಮಸಭೆಯ ಇತಿಹಾಸದಲ್ಲಿ ಅದೇ ಮೊದಲು. ಅವರು 1955ರಲ್ಲಿ ಷಿಕಾಗೊ ನಗರದಲ್ಲಿ ಜನಿಸಿದವರು. ಪೆರು ದೇಶದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ 2015ರಲ್ಲಿ ಅಲ್ಲಿನ ಪೌರತ್ವವನ್ನೂ ಪಡೆದವರು. ಲೋಕವೆಲ್ಲ ಆ ಸಂಭ್ರಮದಲ್ಲಿದ್ದಾಗ ಅಮೆರಿಕದ ಪತ್ರಿಕೆಗಳು ಒಂದು ಲೌಕಿಕ ಪ್ರಶ್ನೆಯನ್ನು ಎತ್ತಿದವು. ವ್ಯಾಟಿಕನ್ನಿನಲ್ಲಿ ವಾಸಿಸುವ ಜಗದ್ಗುರುಗಳು ವರ್ಷವರ್ಷವೂ ಅಮೆರಿಕದ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕಾಗುತ್ತದೆಯೆ?

ಇದು ಹಾಸ್ಯಕ್ಕಾಗಿ ಕೇಳಿದ ಪ್ರಶ್ನೆಯಲ್ಲ. ಅಮೆರಿಕದ ಪೌರನಾದವನು ಭೂಮಿಯ ಯಾವ ಮೂಲೆಯಲ್ಲಿ ವಾಸಿಸಿದರೂ, ಯಾವ ದೇಶದಲ್ಲಿ ದುಡಿದರೂ, ತನ್ನ ಸಮಸ್ತ ಆದಾಯವನ್ನು ಆ ಸರ್ಕಾರಕ್ಕೆ ತಿಳಿಸಬೇಕು ಎಂಬುದು ಅಲ್ಲಿನ ಕಾನೂನು. ಅದರಲ್ಲಿ ಜಗದ್ಗುರುಗಳಿಗೆಂದು ಪ್ರತ್ಯೇಕ ವಿನಾಯಿತಿಯನ್ನು ಯಾರೂ ಬರೆದಿರಲಿಲ್ಲ. ಆದ್ದರಿಂದಲೇ ಕೊಲರಾಡೊ ರಾಜ್ಯದ ಪ್ರತಿನಿಧಿ ಜೆಫ್ ಹರ್ಡ್ ಎಂಬವರು ಅಂಥ ವಿನಾಯಿತಿ ಕೋರಿ 2025ರಲ್ಲಿ ಒಂದು ಮಸೂದೆಯನ್ನೇ ಮಂಡಿಸಿದರು.

ಮುಲ್ಲಾಮಾರಿ ನದಿಯ ದಂಡೆಯಲ್ಲಿ ತೊಗರಿ ಬೆಳೆಯುವ ನಮಗೂ ಈ ಕಾನೂನಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಉಂಟು. ಕಲಬುರಗಿಯ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಕಡಲಾಚೆಗೆ ಹೋದವರು ನಮ್ಮ ಜಿಲ್ಲೆಯಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರು ಅಲ್ಲಿಯ ಪೌರರಾಗಿದ್ದಾರೆ. ಅನೇಕರ ಮಕ್ಕಳು ಅಲ್ಲಿಯೇ ಹುಟ್ಟಿದ್ದಾರೆ. ಅವರ ತಂದೆತಾಯಿಗಳು ಮಾತ್ರ ಇಲ್ಲಿಯೇ ಇದ್ದಾರೆ; ಅವರ ಬ್ಯಾಂಕ್ ಖಾತೆಗಳೂ ಇಲ್ಲಿಯೇ ಇವೆ. ಕಾನೂನು ದೂರದ್ದಾದರೂ ಅದರ ನೆರಳು ಹತ್ತಿರದಲ್ಲಿದೆ.

ಎರಡು ತತ್ತ್ವಗಳು

ಮನುಷ್ಯನ ಆದಾಯದ ಮೇಲೆ ಸರ್ಕಾರಗಳು ಹಕ್ಕು ಸಾಧಿಸುವುದಕ್ಕೆ ಎರಡು ಆಧಾರಗಳಿವೆ. ಮೊದಲನೆಯದು ನಿವಾಸ. ಯಾವ ನೆಲದ ರಸ್ತೆಯಲ್ಲಿ ನಡೆಯುತ್ತೇವೆಯೋ, ಯಾವ ನೆಲದ ಆಸ್ಪತ್ರೆ, ಶಾಲೆ, ನ್ಯಾಯಾಲಯ ಮತ್ತು ಪೊಲೀಸರ ರಕ್ಷಣೆಯನ್ನು ಅನುಭವಿಸುತ್ತೇವೆಯೋ ಆ ನೆಲಕ್ಕೆ ಕೊಡಬೇಕು ಎಂಬ ನ್ಯಾಯ ಇದು. ಎರಡನೆಯದು ಪೌರತ್ವ. ಎಲ್ಲಿಯೇ ಇದ್ದರೂ ನಾನು ಆ ರಾಷ್ಟ್ರದ ಮಗ, ಆದ್ದರಿಂದ ಆ ಮನೆಯ ಹೊರೆಯಲ್ಲಿ ನನಗೂ ಪಾಲುಂಟು ಎಂಬ ನ್ಯಾಯ ಅದು.

ಭಾರತವು ಮೊದಲನೆಯ ತತ್ತ್ವವನ್ನು ಅನುಸರಿಸುತ್ತ ಬಂದಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಉದ್ಯೋಗಕ್ಕಾಗಿ ಪರದೇಶಕ್ಕೆ ಹೋದ ಭಾರತೀಯನು ಆ ಆರ್ಥಿಕ ವರ್ಷದಲ್ಲಿ 182 ದಿನಗಳಿಗಿಂತ ಕಡಿಮೆ ಅವಧಿ ಇಲ್ಲಿದ್ದರೆ ಅನಿವಾಸಿ ಎನಿಸುತ್ತಾನೆ. ಅವನು ದುಬೈಯಲ್ಲೋ ಕುವೈತಿನಲ್ಲೋ ಗಳಿಸಿದ ಸಂಬಳವನ್ನು ಭಾರತ ಸರ್ಕಾರ ಮುಟ್ಟುವುದಿಲ್ಲ. ಇಲ್ಲಿನ ಮನೆ ಬಾಡಿಗೆ, ಇಲ್ಲಿನ ಠೇವಣಿಯ ಬಡ್ಡಿ ಮುಂತಾದ ಇಲ್ಲಿಯ ಆದಾಯವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹಳೆಯ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 2025ರಲ್ಲಿ ಅಂಗೀಕೃತವಾದ ಹೊಸ ಕಾಯ್ದೆಯೂ ಈ ಮೂಲತತ್ತ್ವವನ್ನು ಬದಲಿಸಿಲ್ಲ.

ಒಮ್ಮೆ ಮಾತ್ರ ಈ ವಿಷಯದಲ್ಲಿ ದೊಡ್ಡ ಗಾಬರಿ ಉಂಟಾಯಿತು. ಬೇರೆ ಯಾವ ದೇಶದಲ್ಲಿಯೂ ತೆರಿಗೆಗೆ ಒಳಪಡದ ಭಾರತೀಯ ಪೌರನನ್ನು ಇಲ್ಲಿಯ ನಿವಾಸಿಯೆಂದೇ ಪರಿಗಣಿಸಬೇಕೆಂದು 2020ರ ಫೆಬ್ರವರಿ 1ರ ಮುಂಗಡಪತ್ರ ಸೂಚಿಸಿತು. ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಲಕ್ಷಾಂತರ ಜನ ಬೆಚ್ಚಿಬಿದ್ದರು. ಪ್ರಾಮಾಣಿಕವಾಗಿ ದುಡಿಯುವವರ ಪರದೇಶದ ಸಂಬಳಕ್ಕೆ ತೆರಿಗೆ ಹಾಕುವ ಉದ್ದೇಶವಿಲ್ಲವೆಂದು ಸರ್ಕಾರ ಮರುದಿನವೇ ಸ್ಪಷ್ಟಪಡಿಸಿತು. ಕೊನೆಗೆ ಬಂದ ಕಾನೂನು ಭಾರತದಲ್ಲಿನ ಮೂಲಗಳಿಂದ ವರ್ಷಕ್ಕೆ 15 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯ ಉಳ್ಳವರಿಗೆ ಮಾತ್ರ ಅನ್ವಯಿಸಿತು.

ಯುದ್ಧಕಾಲದ ಕೂಸು

ಅಮೆರಿಕ ಎರಡನೆಯ ತತ್ತ್ವವನ್ನು ಹಿಡಿಯಿತು. ಅದರ ಬೀಜ ಅಂತರ್ಯುದ್ಧದ ಕಾಲದ್ದು. 1861ರ ಕಾನೂನು ಸಾಮಾನ್ಯ ಆದಾಯಕ್ಕೆ ನೂರಕ್ಕೆ 3ರ ದರವನ್ನು ವಿಧಿಸಿದರೆ, ಪರದೇಶದಲ್ಲಿ ವಾಸಿಸುವ ಪೌರರು ಅಮೆರಿಕದಲ್ಲಿನ ತಮ್ಮ ಆಸ್ತಿಯಿಂದ ಪಡೆಯುವ ಆದಾಯಕ್ಕೆ ನೂರಕ್ಕೆ 5ನ್ನು ವಿಧಿಸಿತು. ದೇಶ ಹೊತ್ತಿ ಉರಿಯುವಾಗ ಕಡಲಾಚೆ ಕುಳಿತವರು ಹೊರೆಯಿಂದ ನುಣುಚಿಕೊಳ್ಳಬಾರದು ಎಂಬ ಭಾವನೆ ಅದರ ಹಿಂದಿತ್ತು. ಯುದ್ಧ ಮುಗಿಯಿತು, ಆ ತೆರಿಗೆಯೂ ಹೋಯಿತು. ಆದರೆ ಆ ಭಾವನೆ ಉಳಿಯಿತು. 1913ರಲ್ಲಿ ಆದಾಯ ತೆರಿಗೆ ಶಾಶ್ವತವಾಗಿ ಬಂದಾಗ ಅದು ಪರದೇಶವಾಸಿ ಪೌರರನ್ನೂ ಒಳಗೊಂಡೇ ಬಂತು.

ಮೆಕ್ಸಿಕೊ ನಗರದಲ್ಲಿ ನೆಲೆಸಿ ಅಲ್ಲಿಯ ಆಸ್ತಿಯಿಂದಲೇ ಜೀವಿಸುತ್ತಿದ್ದ ಕುಕ್ ಎಂಬ ಅಮೆರಿಕನ್ನನು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದನು. 1924ರಲ್ಲಿ ನ್ಯಾಯಾಲಯ ಅವನ ವಾದವನ್ನು ಒಪ್ಪಲಿಲ್ಲ. ರಾಷ್ಟ್ರದ ಆಶ್ರಯವು ಪೌರನನ್ನು ಅವನು ಎಲ್ಲಿದ್ದರೂ ತಲುಪುತ್ತದೆ, ಆದ್ದರಿಂದ ರಾಷ್ಟ್ರದ ತೆರಿಗೆಯೂ ತಲುಪಬಹುದು ಎಂಬುದು ಅದರ ತರ್ಕವಾಗಿತ್ತು.

ನಿಜಾಮರ ಕಾಲದಲ್ಲಿ ನಮ್ಮ ಭಾಗದಲ್ಲಿ ಕರೋಡಗಿರಿ ನಾಕಾಗಳಿದ್ದವು. ಸಂಸ್ಥಾನದ ಗಡಿಯನ್ನು ಸರಕು ದಾಟಿದರೆ ಅಲ್ಲಿ ಸುಂಕ ಕಟ್ಟಬೇಕಿತ್ತು. ಅಲ್ಲಿ ತೆರಿಗೆಯು ಗಡಿಯಲ್ಲಿ ಕಾದು ನಿಂತಿತ್ತು. ಅಮೆರಿಕದ ಕಾನೂನಿನಲ್ಲಿಯಾದರೋ ಗಡಿ ದಾಟಿದ ಮನುಷ್ಯನನ್ನು ತೆರಿಗೆಯೇ ಹಿಂಬಾಲಿಸುತ್ತದೆ. ಈ ಪದ್ಧತಿಯನ್ನು ಅನುಸರಿಸುವ ರಾಷ್ಟ್ರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಲಕ್ಷಾಂತರ ಜನರನ್ನು ಪರದೇಶದ ದುಡಿಮೆಗೆ ಕಳುಹಿಸುವ ಕಥೋಲಿಕ ಬಾಹುಳ್ಯದ ಫಿಲಿಪ್ಪೀನ್ಸ್ ಕೂಡ ಒಂದು ಕಾಲಕ್ಕೆ ಇದೇ ದಾರಿಯಲ್ಲಿತ್ತು; 1997ರ ಕಾಯ್ದೆಯಿಂದ ಅದನ್ನು ಕೈಬಿಟ್ಟಿತು. ಆಫ್ರಿಕದ ಎರಿಟ್ರಿಯ ತನ್ನ ವಲಸಿಗರಿಂದ ನೂರಕ್ಕೆ 2ರಷ್ಟು ವಸೂಲು ಮಾಡುತ್ತದೆ. ಆ ಹಣದ ದುರ್ಬಳಕೆಯನ್ನೂ ವಸೂಲಿಯ ಬಲಾತ್ಕಾರವನ್ನೂ 2011ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಖಂಡಿಸಿತು. ಆ ನಿರ್ಣಯವನ್ನು ಬೆಂಬಲಿಸಿದ ರಾಷ್ಟ್ರಗಳಲ್ಲಿ ಅಮೆರಿಕವೂ ಇತ್ತು.

ನಮ್ಮ ಮನೆಬಾಗಿಲಿಗೆ

ಈ ಕಾನೂನಿನ ಉಗುರುಗಳು ಬಹುಕಾಲ ಮೊಂಡಾಗಿದ್ದವು. ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಇರುವ ಅಮೆರಿಕನ್ ಪೌರನ ಖಾತೆಯಲ್ಲಿ ಎಷ್ಟಿದೆ ಎಂಬುದು ವಾಷಿಂಗ್ಟನ್ನಿಗೆ ತಿಳಿಯುವ ಮಾರ್ಗವಿರಲಿಲ್ಲ. 2010ರಲ್ಲಿ ಬಂದ ಫಟ್ಕಾ ಎಂಬ ಕಾನೂನು ಆ ಮಾರ್ಗವನ್ನು ತೆರೆಯಿತು. ತಮ್ಮಲ್ಲಿರುವ ಅಮೆರಿಕನ್ ಖಾತೆದಾರರ ವಿವರವನ್ನು ಲೋಕದ ಬ್ಯಾಂಕುಗಳೆಲ್ಲ ತಿಳಿಸಬೇಕು, ತಿಳಿಸದ ಬ್ಯಾಂಕಿಗೆ ಅಮೆರಿಕದಿಂದ ಬರುವ ಹಣದಲ್ಲಿ ನೂರಕ್ಕೆ 30ರಷ್ಟು ಕಡಿತವಾಗುತ್ತದೆ ಎಂದು ಅದು ವಿಧಿಸಿತು. 2015ರ ಜುಲೈ 9ರಂದು ಭಾರತವೂ ಅಮೆರಿಕದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ತಾವು ಬೇರೆ ದೇಶದ ತೆರಿಗೆಗೆ ಒಳಪಟ್ಟವರೇ ಎಂದು ಕೇಳುವ ಒಂದು ನಮೂನೆಗೆ ಬ್ಯಾಂಕುಗಳೂ ಮ್ಯೂಚುವಲ್ ಫಂಡ್ ಸಂಸ್ಥೆಗಳೂ ಇಂದು ಸಹಿ ಪಡೆಯುವುದು ಈ ಕಾರಣದಿಂದಲೇ. ಬಹುಮಂದಿ ಓದದೆಯೇ ಸಹಿ ಹಾಕಿರುತ್ತಾರೆ.

ನಮ್ಮ ಕುಟುಂಬಗಳಿಗೆ ತಾಗುವ ಕೆಲವು ಸಂದರ್ಭಗಳನ್ನು ಗಮನಿಸೋಣ.

ಮೊದಲನೆಯದಾಗಿ, ಅಲ್ಲಿ ಹುಟ್ಟಿದ ಮಗು. ಗಂಡಹೆಂಡಿರು ಉದ್ಯೋಗದ ವೀಸಾದ ಮೇಲೆ ಹೋಗಿ, ಅಲ್ಲಿ ಒಂದು ಮಗುವನ್ನು ಪಡೆದು, ಅದಕ್ಕೆ ವರ್ಷ ತುಂಬುವುದರೊಳಗೆ ಊರಿಗೆ ಮರಳಿದರೆನ್ನಿ. ಆ ಮಗು ಅಮೆರಿಕದ ಪೌರನೇ. ಇಪ್ಪತ್ತೈದು ವರ್ಷದ ಮೇಲೆ ಬೆಂಗಳೂರಿನಲ್ಲಿ ನೌಕರಿ ಹಿಡಿದಾಗ, ನೆನಪಿಗೇ ಬಾರದ ಆ ದೇಶಕ್ಕೆ ಅವನು ಪ್ರತಿವರ್ಷ ಲೆಕ್ಕ ಕೊಡಬೇಕು. ಜನನದಿಂದ ಬರುವ ಈ ಪೌರತ್ವವನ್ನು ಸೀಮಿತಗೊಳಿಸಲು ಅಲ್ಲಿನ ಅಧ್ಯಕ್ಷರು 2025ರ ಜನವರಿ 20ರಂದು ಹೊರಡಿಸಿದ ಆದೇಶ ನ್ಯಾಯಾಲಯಗಳಲ್ಲಿ ವಿವಾದಕ್ಕೆ ಒಳಗಾಯಿತು. ಆದರೆ ಅದಕ್ಕೆ ಮೊದಲೇ ಹುಟ್ಟಿದವರನ್ನು ಆ ಆದೇಶ ತಟ್ಟುವುದಿಲ್ಲ. ಇಂಥ ಇಕ್ಕಟ್ಟಿಗೆ ದೊಡ್ಡವರೂ ಸಿಕ್ಕಿದ್ದುಂಟು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಬೋರಿಸ್ ಜಾನ್ಸನ್ 1964ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಆ ದೇಶವನ್ನು ಬಿಟ್ಟವರು. ಲಂಡನ್ನಿನ ತಮ್ಮ ಮನೆ ಮಾರಿದ ಲಾಭಕ್ಕೆ ಅಮೆರಿಕ ಕೇಳಿದ ತೆರಿಗೆಯನ್ನು ಅವರು 2015ರಲ್ಲಿ ತೆತ್ತು, ಮರುವರ್ಷ ಆ ಪೌರತ್ವವನ್ನೇ ತ್ಯಜಿಸಿದರು.

ಎರಡನೆಯದಾಗಿ, ಜಂಟಿ ಖಾತೆ. ವಯಸ್ಸಾದ ತಂದೆ ತಮ್ಮ ಉಳಿತಾಯ ಖಾತೆಗೆ ಅಮೆರಿಕದಲ್ಲಿರುವ ಮಗನ ಹೆಸರನ್ನೂ ಸೇರಿಸುವುದು ನಮ್ಮಲ್ಲಿ ಸಹಜವಾದ ವ್ಯವಸ್ಥೆ. ಆದರೆ ಅಮೆರಿಕದ ಪೌರನಾಗಲಿ, ಗ್ರೀನ್ ಕಾರ್ಡ್ ಹೊಂದಿ ಅಲ್ಲಿ ನೆಲೆಸಿದವನಾಗಲಿ, ಹೊರದೇಶದ ತನ್ನ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರನ್ನು ಮೀರಿದರೂ ಅವುಗಳ ವಿವರವನ್ನು ಪ್ರತ್ಯೇಕವಾಗಿ ವರದಿ ಮಾಡಬೇಕು. ನಮ್ಮ ಹಣದಲ್ಲಿ ಅದು ಎಂಟೊಂಬತ್ತು ಲಕ್ಷ ರೂಪಾಯಿ. ತೊಗರಿ ಮಾರಿದ ಹಣ, ನಿವೃತ್ತಿಯ ಗಂಟು, ಮಗಳ ಮದುವೆಗೆಂದು ಕೂಡಿಟ್ಟದ್ದು ಎಲ್ಲವೂ ಒಂದೇ ಖಾತೆಯಲ್ಲಿದ್ದರೆ ಆ ಮಿತಿ ದಾಟುವುದು ಕಷ್ಟವಲ್ಲ. ಹಣ ತಂದೆಯದೇ ಆದರೂ ಖಾತೆಯಲ್ಲಿ ಹೆಸರಿರುವ ಮಗ ಅದನ್ನು ಪೂರ್ತಿಯಾಗಿ ತಿಳಿಸಬೇಕು.

ಮೂರನೆಯದಾಗಿ, ಉಳಿತಾಯ. ಅನಿವಾಸಿಗಳ ಎನ್.ಆರ್.ಇ. ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಅದನ್ನೇ ನಂಬಿ ಅಮೆರಿಕದಲ್ಲಿಯೂ ಇಲ್ಲವೆಂದು ತಿಳಿಯುವವರು ಬಹಳ. ಅಲ್ಲಿ ತೆರಿಗೆ ಉಂಟು. ಇಲ್ಲಿನ ಮ್ಯೂಚುವಲ್ ಫಂಡುಗಳನ್ನು ಆ ಕಾನೂನು ಪರದೇಶದ ಹೂಡಿಕೆ ಕಂಪನಿಗಳೆಂದು ಬಗೆದು ಕಠಿಣವಾದ ಬೇರೆಯೇ ಲೆಕ್ಕವನ್ನು ವಿಧಿಸುತ್ತದೆ.

ನಾಲ್ಕನೆಯದಾಗಿ, ಮರಳಿ ಬಂದವರು. ಅಮೆರಿಕದ ಪೌರನಾದ ವೈದ್ಯನೊಬ್ಬ ಕಲಬುರಗಿಯಲ್ಲಿ ಸ್ವಂತ ಚಿಕಿತ್ಸಾಲಯ ತೆರೆದನೆನ್ನಿ. ಪರದೇಶದಲ್ಲಿ ದುಡಿದ ಆದಾಯದಲ್ಲಿ 2025ನೆಯ ವರ್ಷಕ್ಕೆ 1,30,000 ಡಾಲರಿನವರೆಗೆ ವಿನಾಯಿತಿ ಇದೆ. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿಯದರಲ್ಲಿ ಕಳೆಯುವ ಅವಕಾಶವೂ ಇದೆ. ಹೀಗಾಗಿ ಹೆಚ್ಚಿನವರು ಆದಾಯ ತೆರಿಗೆಯೆಂದು ಅಮೆರಿಕಕ್ಕೆ ಕೊಡಬೇಕಾದದ್ದು ಏನೂ ಉಳಿಯದು. ಆದರೆ ಸ್ವಂತ ವೃತ್ತಿ ನಡೆಸುವವರು ಅಲ್ಲಿಯ ಸಾಮಾಜಿಕ ಭದ್ರತೆಗೆಂದು ನೂರಕ್ಕೆ 15.3ರಷ್ಟು ಕಟ್ಟುವುದು ಈ ವಿನಾಯಿತಿಯಿಂದ ತಪ್ಪುವುದಿಲ್ಲ. ಸಾಮಾಜಿಕ ಭದ್ರತೆಯ ವಿಷಯದಲ್ಲಿ ಭಾರತಕ್ಕೂ ಅಮೆರಿಕಕ್ಕೂ ಒಪ್ಪಂದವಿಲ್ಲದಿರುವುದೇ ಇದಕ್ಕೆ ಕಾರಣ.

ಮರಳಿ ಬಂದವರಿಗೆ ಭಾರತದ ಕಾನೂನೂ ಒಂದು ಕರ್ತವ್ಯವನ್ನು ಹೊರಿಸಿದೆ. ಪೂರ್ಣ ನಿವಾಸಿಗಳಾದ ಮೇಲೆ ಅಲ್ಲಿ ಬಿಟ್ಟುಬಂದ ಬ್ಯಾಂಕ್ ಖಾತೆ, ನಿವೃತ್ತಿ ನಿಧಿ, ಷೇರುಗಳನ್ನು ಇಲ್ಲಿಯ ರಿಟರ್ನಿನಲ್ಲಿ ಕಾಣಿಸಬೇಕು. ಕಾಣಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿಯವರೆಗೂ ದಂಡ ಬೀಳಬಹುದು. ಸ್ಥಿರಾಸ್ತಿಯನ್ನು ಬಿಟ್ಟು ಉಳಿದ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ರೂಪಾಯಿ ಮೀರದವರಿಗೆ 2024ರ ಅಕ್ಟೋಬರಿನಿಂದ ಈ ದಂಡದಲ್ಲಿ ಸಡಿಲಿಕೆ ದೊರೆತಿದೆ.

ಒಬ್ಬ ರುಮೇನಿಯನ್ನನ ಪ್ರಕರಣ

ತಿಳಿಯದೆ ಬಿಟ್ಟದ್ದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬಿಟ್ನರ್ ಪ್ರಕರಣ ನಿದರ್ಶನ. ರುಮೇನಿಯದಲ್ಲಿ ಹುಟ್ಟಿದ ಈತ 1982ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ಪೌರನಾದನು. ಸ್ವದೇಶದಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ 1990ರಲ್ಲಿ ತಾಯ್ನಾಡಿಗೆ ಮರಳಿ ವ್ಯಾಪಾರದಲ್ಲಿ ಏಳಿಗೆ ಹೊಂದಿದನು. ಅಲ್ಲಿನ ತನ್ನ ಖಾತೆಗಳನ್ನು ಅಮೆರಿಕಕ್ಕೆ ವರದಿ ಮಾಡಬೇಕೆಂಬುದು ಅವನಿಗೆ ತಿಳಿದದ್ದು 2011ರಲ್ಲಿ ಅಮೆರಿಕಕ್ಕೆ ಹಿಂತಿರುಗಿದ ಬಳಿಕ. ಐದು ವರ್ಷಗಳ ವರದಿಗಳು, 272 ಖಾತೆಗಳು. ಖಾತೆಯೊಂದಕ್ಕೆ 10,000 ಡಾಲರಿನಂತೆ 27 ಲಕ್ಷ 20 ಸಾವಿರ ಡಾಲರ್ ದಂಡವನ್ನು ಸರ್ಕಾರ ವಿಧಿಸಿತು. ದಂಡವನ್ನು ಖಾತೆಗಳ ಲೆಕ್ಕದಲ್ಲಿ ಹಾಕತಕ್ಕದ್ದಲ್ಲ, ಸಲ್ಲಿಸದ ವರದಿಗಳ ಲೆಕ್ಕದಲ್ಲಿ ಹಾಕತಕ್ಕದ್ದು ಎಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಐದು ಮತ್ತು ನಾಲ್ಕರ ಬಹುಮತದಿಂದ ತೀರ್ಮಾನಿಸಿದ್ದರಿಂದ ಅದು 50,000 ಡಾಲರಿಗೆ ಇಳಿಯಿತು.

ಈ ಪ್ರಕರಣದಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಅರಿಯದವನಿಗೂ ಕಾನೂನು ದಂಡ ವಿಧಿಸುತ್ತದೆ ಎಂಬುದು ಒಂದು. ಅರಿಯದವನ ಮತ್ತು ವಂಚಕನ ನಡುವೆ ವ್ಯತ್ಯಾಸ ಮಾಡಬೇಕೆಂಬ ವಿವೇಕ ನ್ಯಾಯಪೀಠದಲ್ಲಿ ಇನ್ನೂ ಉಳಿದಿದೆ ಎಂಬುದು ಇನ್ನೊಂದು.

ಶುಭಸಂದೇಶದ ಪ್ರಶ್ನೆ

ಸಂತ ಮತ್ತಾಯನ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ ಬರುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ದೇವಾಲಯದ ತೆರಿಗೆ ಎತ್ತುವವರು ಕಪೆರ್ನವುಮಿನಲ್ಲಿ ಪೇತ್ರನನ್ನು ತಡೆದು, ನಿಮ್ಮ ಗುರು ತೆರಿಗೆ ಕಟ್ಟುವುದಿಲ್ಲವೆ ಎಂದು ಕೇಳಿದರು. ಮನೆಗೆ ಬಂದಾಗ ಪ್ರಭುವೇ ಆ ಮಾತನ್ನೆತ್ತಿ, ಲೋಕದ ಅರಸರು ಸುಂಕವನ್ನು ತಮ್ಮ ಮಕ್ಕಳಿಂದ ತೆಗೆದುಕೊಳ್ಳುತ್ತಾರೋ ಪರರಿಂದಲೋ ಎಂದು ಪ್ರಶ್ನಿಸಿದರು. ಪರರಿಂದ ಎಂದನು ಪೇತ್ರ. ಹಾಗಾದರೆ ಮಕ್ಕಳು ಸ್ವತಂತ್ರರು ಎಂದರು ಪ್ರಭು. ಆದರೂ ಯಾರಿಗೂ ಎಡವುಗಲ್ಲಾಗಬಾರದೆಂದು ಇಬ್ಬರ ತೆರಿಗೆಯನ್ನೂ ಕಟ್ಟಿಸಿದರು.

ಪೇತ್ರನ ಉತ್ತರ ಅಂದಿನ ಲೋಕದ ಅನುಭವದ ಮಾತು. ಮಾಸೆಡೋನಿಯವನ್ನು ಗೆದ್ದ ಬಳಿಕ ಕ್ರಿ.ಪೂ. 167ರಲ್ಲಿ ರೋಮ್ ತನ್ನ ಪೌರರಿಂದ ನೇರ ತೆರಿಗೆ ಎತ್ತುವುದನ್ನು ನಿಲ್ಲಿಸಿ, ಬಹುಕಾಲ ಗೆದ್ದ ಪ್ರಾಂತ್ಯಗಳ ಮೇಲೆಯೇ ಹೊರೆ ಹೇರಿತು. ಅಥೆನ್ಸಿನಲ್ಲಿ ನೆಲೆಸಿದ ಹೊರನಾಡಿಗ ಗಂಡಸು ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ ತೆರಬೇಕಿತ್ತು, ಪೌರನಿಗೆ ಅದಿರಲಿಲ್ಲ. ಒಂದು ಊರಿನಲ್ಲಿ ವಾಸಿಸಿದ ಮಾತ್ರಕ್ಕೆ ಯಾರೂ ಪೌರನಾಗುವುದಿಲ್ಲ, ತೀರ್ಪಿನಲ್ಲಿಯೂ ಆಡಳಿತದಲ್ಲಿಯೂ ಪಾಲುಳ್ಳವನೇ ಪೌರನೆಂದು ತತ್ತ್ವಜ್ಞಾನಿ ಅರಿಸ್ಟಾಟಲನು ವಿವೇಚಿಸಿದ್ದು ಇದೇ ಹಿನ್ನೆಲೆಯಲ್ಲಿ.

ಪ್ರಜಾಪ್ರಭುತ್ವವು ಈ ಕ್ರಮವನ್ನು ತಲೆಕೆಳಗು ಮಾಡಿತು. ಇಲ್ಲಿ ಮಕ್ಕಳೇ ಅರಸರು. ಆದ್ದರಿಂದ ಮಕ್ಕಳೇ ಹೊರೆ ಹೊರಬೇಕು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ತೆರಿಗೆ ಕಟ್ಟುವುದು, ಮತ ಚಲಾಯಿಸುವುದು, ದೇಶವನ್ನು ರಕ್ಷಿಸುವುದು ಎಂಬ ಮೂರು ಕರ್ತವ್ಯಗಳನ್ನು ಒಟ್ಟಿಗೆ ಹೇಳುತ್ತದೆ. ಈ ಜೋಡಣೆ ಅರ್ಥಪೂರ್ಣ. ಹೊರೆ ಮತ್ತು ಧ್ವನಿ ಒಂದೇ ನಾಣ್ಯದ ಎರಡು ಮುಖಗಳು.

ಇಂದಿನ ಅಮೆರಿಕ ಪೇತ್ರನಿಗೆ ಕೇಳಿದ ಪ್ರಶ್ನೆಗೆ ಇಬ್ಬರಿಂದಲೂ ಎಂದು ಉತ್ತರಿಸುತ್ತದೆ. ಮಕ್ಕಳನ್ನು ಪೌರತ್ವದ ಹೆಸರಿನಲ್ಲಿ ಹಿಂಬಾಲಿಸುತ್ತದೆ. ಪರರಿಂದ ನಿವಾಸದ ಹೆಸರಿನಲ್ಲಿ ವಸೂಲು ಮಾಡುತ್ತದೆ. ಉದ್ಯೋಗದ ವೀಸಾದ ಮೇಲೆ ಅಲ್ಲಿ ದುಡಿಯುವ ನಮ್ಮ ತರುಣರ ಸಂಬಳದಿಂದ ಸಾಮಾಜಿಕ ಭದ್ರತೆಗೆಂದು ನೂರಕ್ಕೆ 6.2 ಕಡಿತವಾಗುತ್ತದೆ. ಆದರೆ ಹತ್ತು ವರ್ಷಗಳ ದುಡಿಮೆ ತುಂಬದೆ ನಿವೃತ್ತಿ ವೇತನದ ಹಕ್ಕು ಬರುವುದಿಲ್ಲ. ಆರೇಳು ವರ್ಷ ದುಡಿದು ಊರಿಗೆ ಮರಳಿದವನ ಪಾಲು ಅಲ್ಲಿಯೇ ಉಳಿಯುತ್ತದೆ. ಬೆಲ್ಜಿಯಂ, ಜರ್ಮನಿ ಮುಂತಾದ ದೇಶಗಳೊಡನೆ ಭಾರತ ಮಾಡಿಕೊಂಡಿರುವ ಒಪ್ಪಂದಗಳು ಇಂಥ ನಷ್ಟವನ್ನು ತಪ್ಪಿಸುತ್ತವೆ. ಅಮೆರಿಕದೊಡನೆಯೂ ಅಂಥದೊಂದನ್ನು ಮಾಡಿಕೊಳ್ಳಬೇಕಾದದ್ದು ನಮ್ಮ ಸರ್ಕಾರದ ಮುಂದಿರುವ ನ್ಯಾಯದ ಕೆಲಸ.

ಮೂರು ಒರೆಗಲ್ಲುಗಳು

ಕಾನೂನು ನ್ಯಾಯವಾದದ್ದೋ ಅಲ್ಲವೋ ಎಂದು ತಿಳಿಯಲು ಸಂತ ಥಾಮಸ್ ಅಕ್ವಿನಾಸರು ಮೂರು ಒರೆಗಲ್ಲುಗಳನ್ನು ಕೊಟ್ಟಿದ್ದಾರೆ. ಅದರ ಗುರಿ ಸಮಸ್ತರ ಹಿತವಾಗಿರಬೇಕು. ಅದನ್ನು ಮಾಡಿದವರು ತಮ್ಮ ಅಧಿಕಾರದ ಎಲ್ಲೆಯನ್ನು ಮೀರಿರಬಾರದು. ಹೊರೆಯನ್ನು ಜನರ ಶಕ್ತಿಗೆ ತಕ್ಕ ಪ್ರಮಾಣದಲ್ಲಿ ಹಂಚಿರಬೇಕು.

ಮೊದಲನೆಯ ಒರೆಗಲ್ಲಿಗೆ ಅಮೆರಿಕದ ಕಾನೂನು ನಿಲ್ಲುತ್ತದೆ. ಸಿರಿವಂತನು ಸಂಪತ್ತನ್ನು ತೆರಿಗೆಯಿಲ್ಲದ ದ್ವೀಪಗಳಿಗೆ ಸಾಗಿಸಿ, ಅದನ್ನು ಗಳಿಸಿಕೊಟ್ಟ ಸಮಾಜಕ್ಕೆ ಬೆನ್ನು ತೋರಿಸುವುದು ಅನ್ಯಾಯ. ಅದನ್ನು ತಡೆಯುವುದು ಸರ್ಕಾರದ ಧರ್ಮ. ಎರಡನೆಯದಕ್ಕೂ ಒಂದು ಮಟ್ಟಿಗೆ ನಿಲ್ಲುತ್ತದೆ. ಪೌರತ್ವವೆಂಬುದು ಸೌಲಭ್ಯಗಳ ಅಂಗಡಿಯಲ್ಲ, ಅದೊಂದು ಬಾಂಧವ್ಯ, ಬಾಂಧವ್ಯಕ್ಕೆ ಗಡಿರೇಖೆಯಿಲ್ಲ. ಪರದೇಶದಲ್ಲಿರುವ ಅಮೆರಿಕನ್ನರು ಅಂಚೆಯ ಮೂಲಕ ಮತ ಹಾಕಲು 1986ರಿಂದ ಕಾನೂನಿನ ಭರವಸೆಯೂ ಇದೆ. ಆದರೂ ಅವರಿಗೆಂದು ಸಂಸತ್ತಿನಲ್ಲಿ ಪ್ರತ್ಯೇಕ ಪ್ರತಿನಿಧಿಯಿಲ್ಲ. ತನ್ನ ಪರದೇಶವಾಸಿಗಳ ಸಂಬಳಕ್ಕೆ ತೆರಿಗೆ ಹಾಕದ ಫ್ರಾನ್ಸ್ 2012ರಿಂದ ಅವರಿಗೆ 11 ಸ್ಥಾನಗಳನ್ನು ಕೊಟ್ಟಿರುವುದನ್ನು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ.

ಮೂರನೆಯ ಒರೆಗಲ್ಲಿನಲ್ಲಿ ಈ ಕಾನೂನು ಎಡವುತ್ತದೆ. ದೊಡ್ಡ ಧನಿಕನಿಗೆ ಇದೊಂದು ಕಿರುಕುಳ. ಅವನ ಬಳಿ ವಕೀಲರಿದ್ದಾರೆ. ಸಂಬಳಗಾರನಿಗೆ, ಶಿಕ್ಷಕಿಗೆ, ದಾದಿಗೆ ಇದು ನಿಜವಾದ ಭಾರ. ತೆರಿಗೆಯೆಂದು ಒಂದು ಡಾಲರೂ ಬಾಕಿಯಿಲ್ಲದವರು ನಮೂನೆ ತುಂಬಿಸಲು ಮಾತ್ರವೇ ದುಬಾರಿ ಶುಲ್ಕ ತೆರುತ್ತಾರೆ. ತಿಮಿಂಗಿಲಕ್ಕೆಂದು ನೇಯ್ದ ಬಲೆಯಲ್ಲಿ ಸಣ್ಣ ಮೀನುಗಳು ಸಿಕ್ಕಿವೆ. ಹೊರಬರುವ ಬಾಗಿಲೂ ಸುಲಭವಾಗಿರಲಿಲ್ಲ. ಪೌರತ್ವ ತ್ಯಜಿಸುವ ಶುಲ್ಕವನ್ನು 2014ರಲ್ಲಿ 450 ಡಾಲರಿನಿಂದ 2,350ಕ್ಕೆ ಏರಿಸಲಾಯಿತು. ಅದನ್ನು ಮತ್ತೆ 450ಕ್ಕೆ ಇಳಿಸುವ ಪ್ರಸ್ತಾಪ ಹೊರಬಂದದ್ದು 2023ರಲ್ಲಿ. ನಿವಾಸವನ್ನೇ ಆಧಾರವಾಗಿಸಬೇಕೆಂದು ಇಲಿನಾಯ್ ರಾಜ್ಯದ ಪ್ರತಿನಿಧಿ ಡೇರಿನ್ ಲಹುಡ್ 2024ರ ಡಿಸೆಂಬರಿನಲ್ಲಿ ಮಸೂದೆ ಮಂಡಿಸಿದರಾದರೂ ಆ ಸಂಸತ್ತಿನ ಅವಧಿ ಮುಗಿಯುವುದರೊಳಗೆ ಅದು ಕಾನೂನಾಗಲಿಲ್ಲ.

ಊರಿನ ಋಣ

ಇಷ್ಟು ಹೇಳಿದ ಮಾತ್ರಕ್ಕೆ, ಹೋದವನಿಗೂ ಬಿಟ್ಟುಬಂದ ನೆಲಕ್ಕೂ ಲೆಕ್ಕ ಚುಕ್ತಾ ಆಯಿತೆಂದು ತೀರ್ಮಾನಿಸಬಾರದು. ಭಾರತದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಜಗದೀಶ ಭಗವತಿಯವರು 1970ರ ದಶಕದಲ್ಲಿ ಒಂದು ಸಲಹೆ ಮುಂದಿಟ್ಟರು. ಬಡರಾಷ್ಟ್ರಗಳಿಂದ ಶ್ರೀಮಂತ ರಾಷ್ಟ್ರಗಳಿಗೆ ವಲಸೆ ಹೋಗುವ ವೈದ್ಯರು, ಇಂಜಿನಿಯರುಗಳು, ವಿಜ್ಞಾನಿಗಳ ಆದಾಯದ ಮೇಲೆ ಒಂದು ಸಣ್ಣ ಹೆಚ್ಚುವರಿ ತೆರಿಗೆ ವಿಧಿಸಿ, ಅದನ್ನು ಬಡರಾಷ್ಟ್ರಗಳ ಅಭಿವೃದ್ಧಿಗೆ ಬಳಸಬೇಕು ಎಂಬುದು ಅದರ ಸಾರ. ಯಾವ ಸರ್ಕಾರವೂ ಅದನ್ನು ಜಾರಿಗೆ ತರಲಿಲ್ಲ. ಆದರೆ ಅದರ ಹಿಂದಿನ ನೈತಿಕ ಪ್ರಶ್ನೆ ಇನ್ನೂ ಜೀವಂತವಾಗಿದೆ. 1958ರಲ್ಲಿ ಸ್ಥಾಪನೆಯಾದ ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳು ಬೆಳೆದದ್ದು ಈ ಹಿಂದುಳಿದ ಭಾಗದ ಜನರ ಆಸೆಯಿಂದಲೂ ಬೆವರಿನಿಂದಲೂ. ಅಲ್ಲಿ ಕಲಿತ ವಿದ್ಯೆಯಲ್ಲಿ ಆ ಜನರ ಪಾಲು ಇಲ್ಲವೆ?

1981ರಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ದುಡಿಮೆಯ ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ಈ ಎರಡೂ ಪಕ್ಷಗಳನ್ನು ತೂಗಿ ನೋಡಿದ್ದಾರೆ. ದುಡಿಮೆ ಅರಸಿ ದೇಶ ಬಿಡುವುದು ಮನುಷ್ಯನ ಹಕ್ಕು. ಆದರೂ ಅವನ ಹೊರಡುವಿಕೆಯಿಂದ ಸ್ವದೇಶ ತನ್ನ ಹಿತಕ್ಕಾಗಿ ದುಡಿಯಬಹುದಾಗಿದ್ದ ಒಬ್ಬನನ್ನು ಕಳೆದುಕೊಳ್ಳುತ್ತದೆ. ಹೋದಲ್ಲಿ ಅವನನ್ನು ಅಲ್ಲಿಯ ಕೆಲಸಗಾರರಿಗಿಂತ ಕೀಳಾಗಿ ಕಾಣಬಾರದು ಎಂಬುದೂ ಅವರ ಬೋಧನೆ.

ನಮ್ಮ ಹಳ್ಳಿಗಳು ಈ ಪ್ರಶ್ನೆಗೆ ತಮ್ಮದೇ ಉತ್ತರವನ್ನು ಕಂಡುಕೊಂಡಿವೆ. ಊರ ಜಾತ್ರೆಗೆ ಪಟ್ಟಿ ಎತ್ತುವಾಗ ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರ ಹೆಸರನ್ನು ಯಾರೂ ಬಿಡುವುದಿಲ್ಲ. ಹೋದವರೂ ಕೊಡದೆ ಇರುವುದಿಲ್ಲ. ಆ ಪಟ್ಟಿಗೆ ಕೋರ್ಟಿನ ಬಲವಿಲ್ಲ. ಕೊಟ್ಟವನು ಜಾತ್ರೆಯ ದಿನ ಊರ ಹಿರಿಯರ ನಡುವೆ ಕೂರುತ್ತಾನೆ, ಅವನ ಮಾತಿಗೂ ಬೆಲೆಯಿರುತ್ತದೆ. ಕೊಡಲಾಗದವನನ್ನು ಯಾರೂ ಊರಿನಿಂದ ಹೊರಹಾಕುವುದಿಲ್ಲ. ಹೊರೆ, ಧ್ವನಿ, ಪ್ರಮಾಣ ಮೂರೂ ಅಲ್ಲಿವೆ. ಭಾರತ ಸರ್ಕಾರ ಅನಿವಾಸಿಯ ಸಂಬಳಕ್ಕೆ ಕೈಹಾಕದಿದ್ದರೂ 2024-25ರಲ್ಲಿ ಹೊರನಾಡಿನ ಭಾರತೀಯರು ಮನೆಗಳಿಗೆ ಕಳುಹಿಸಿದ ಹಣ 13,000 ಕೋಟಿ ಡಾಲರಿಗೂ ಮಿಗಿಲು. ಪ್ರೀತಿಯ ಋಣವನ್ನು ಜನ ಬಲವಂತವಿಲ್ಲದೆಯೂ ತೀರಿಸುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಮನೆಗೆ ಕಳುಹಿಸಿದ ಹಣದಿಂದ ಮನೆ ಎದ್ದೀತೇ ಹೊರತು ಊರ ಶಾಲೆಯ ಸೋರುವ ಮಾಳಿಗೆ ತಾನಾಗಿ ದುರಸ್ತಿಯಾಗದು ಎಂಬುದನ್ನೂ ಹೋದವರು ಯೋಚಿಸಬೇಕು.

ಕುಟುಂಬಗಳಿಗೆ ಎರಡು ಮಾತು

ತೆರಿಗೆ ಕಾನೂನು ಮನಸ್ಸಾಕ್ಷಿಯನ್ನು ಕಟ್ಟುವುದಿಲ್ಲ, ಸಿಕ್ಕಿಬಿದ್ದರೆ ದಂಡ ತೆತ್ತರಾಯಿತು ಎಂದು ವಾದಿಸಿದ ನೀತಿಶಾಸ್ತ್ರಜ್ಞರು ಹಿಂದೆ ಇದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ನ್ಯಾಯವಾದ ತೆರಿಗೆಗಳಿಂದ ವಂಚನೆಯ ಮೂಲಕ ತಪ್ಪಿಸಿಕೊಳ್ಳುವವರನ್ನು ಹೆಸರಿಸಿಯೇ ಖಂಡಿಸಿದ ಮೇಲೆ ಆ ವಾದಕ್ಕೆ ನೆಲೆಯಿಲ್ಲ. ಕಾನೂನಿನ ಒಂದು ಅಂಶ ಅನ್ಯಾಯವೆನಿಸಿದರೆ ಅದರ ತಿದ್ದುಪಡಿಗೆ ದನಿಯೆತ್ತಬಹುದು. ಸುಳ್ಳು ಲೆಕ್ಕ ಬರೆಯುವ ಅನುಮತಿ ಅದರಿಂದ ದೊರೆಯುವುದಿಲ್ಲ.

ಆದ್ದರಿಂದ ಇಂಥ ಸಂಬಂಧವುಳ್ಳ ಕುಟುಂಬಗಳು ಭಯಪಡದೆ, ಮುಚ್ಚಿಡದೆ ಕುಳಿತು ಮಾತನಾಡಬೇಕು. ಯಾರ ಹೆಸರು ಯಾವ ಖಾತೆಯಲ್ಲಿದೆ ಎಂದು ತಂದೆ ಮಗನಿಗೆ ತಿಳಿಸಲಿ; ಜಂಟಿ ಹೆಸರಿನ ಬದಲು ನಾಮನಿರ್ದೇಶನವೇ ಸಾಕಾಗುವುದೋ ಎಂದು ವಿಚಾರಿಸಲಿ. ಅಲ್ಲಿ ಹುಟ್ಟಿದ ಮಕ್ಕಳಿಗೆ ಹದಿನೆಂಟು ತುಂಬುವ ಮೊದಲೇ ಅವರ ಪೌರತ್ವದ ಅರ್ಥವನ್ನು ವಿವರಿಸಬೇಕು. ತಿಳಿಯದೆ ಹಿಂದಿನ ವರ್ಷಗಳ ಲೆಕ್ಕ ಬಿಟ್ಟುಹೋಗಿದ್ದರೆ, ಉದ್ದೇಶಪೂರ್ವಕವಾಗಿ ಬಿಡದ ಪರದೇಶವಾಸಿಗಳಿಗಾಗಿ ಅಮೆರಿಕದ ತೆರಿಗೆ ಇಲಾಖೆಯೇ 2012ರಲ್ಲಿ ತೆರೆದು 2014ರಲ್ಲಿ ವಿಸ್ತರಿಸಿದ ಸರಳ ವಿಧಾನವಿದೆ. ಅದರಲ್ಲಿ ಮೂರು ವರ್ಷಗಳ ರಿಟರ್ನು ಮತ್ತು ಆರು ವರ್ಷಗಳ ಖಾತೆಯ ವರದಿ ಸಲ್ಲಿಸಿ ದಂಡವಿಲ್ಲದೆ ಸರಿಪಡಿಸಿಕೊಳ್ಳಬಹುದು. ಎರಡೂ ದೇಶಗಳ ಕಾನೂನು ಬಲ್ಲ ಲೆಕ್ಕಪರಿಶೋಧಕರ ಸಲಹೆಯನ್ನು ಇದಕ್ಕೆ ಪಡೆಯುವುದು ಅಗತ್ಯ. ನೆರೆಮನೆಯವರ ಮಾತು ಸಾಲದು.

ಕಪೆರ್ನವುಮಿನಲ್ಲಿ ಪ್ರಭು ತಮ್ಮ ಸ್ವಾತಂತ್ರ್ಯವನ್ನೂ ಸಾರಿದರು, ತೆರಿಗೆಯನ್ನೂ ಕಟ್ಟಿದರು. ಅಲ್ಲಿ ಅವರು ಒಂದನ್ನು ಇನ್ನೊಂದಕ್ಕೆ ನೆಪವಾಗಿಸಲಿಲ್ಲ. ಎರಡು ದೇಶಗಳ ನಡುವೆ ಹಂಚಿಹೋದ ನಮ್ಮ ಕುಟುಂಬಗಳಿಗೆ ಇದೇ ಮಾದರಿ. ಅನ್ಯಾಯವೆನಿಸಿದ್ದನ್ನು ಅನ್ಯಾಯವೆಂದು ಬಹಿರಂಗವಾಗಿ ಹೇಳೋಣ; ಕೊಡಬೇಕಾದದ್ದನ್ನು ಬಹಿರಂಗವಾಗಿಯೇ ಕೊಡೋಣ.